ಅಟಾರ್ನಿ ಬಿಲ್ ನೋಡಿ ಗಾಬರಿಯಾಯಿತೇ? ಸಿಟ್ಟಿಗೇಳುವ ಮುಂಚೆ ಇಷ್ಟು ಮಾಡಿ

ಅಮೆರಿಕದಲ್ಲಿ ನೆಲೆಸಿದವರಿಗೆ ಅಟಾರ್ನಿ, ಅಂದರೆ ವಕೀಲರ, ಆಫೀಸಿನ ಮೆಟ್ಟಿಲು ಹತ್ತುವ ದಿನ ಒಂದಲ್ಲ ಒಂದು ಸಲ ಬರುತ್ತದೆ. ವಿಚ್ಛೇದನ ಇರಬಹುದು, ಬಾಡಿಗೆ ಮನೆಯ ತಕರಾರು ಇರಬಹುದು, ಕಾರು ಅಪಘಾತ ಇರಬಹುದು. 5,000 ಡಾಲರ್ ‘ರಿಟೇನರ್’ ಎಂಬ ಮುಂಗಡ ಕಟ್ಟಿ ಬಂದಿರುತ್ತೀರಿ. ಎರಡು ತಿಂಗಳಲ್ಲಿ ಪತ್ರ ಬರುತ್ತದೆ: ಹಣ ಮುಗಿದಿದೆ, ಇನ್ನೂ 3,000 ಕಳಿಸಿ. ಕೇಸು ನೋಡಿದರೆ ಇದ್ದಲ್ಲೇ ಇದೆ. ಹೊಟ್ಟೆ ಉರಿಯುತ್ತೆ, ಅಲ್ವಾ?

ಆದರೆ ಖಾರವಾದ ಇಮೇಲ್ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಕಟ್ಟಿದ ಹಣ ಈ ಹೊತ್ತಿಗೆ ಯಾರದ್ದು? ಶುಲ್ಕದ ಜಗಳದ ಗಂಟು ಬಿಚ್ಚುವುದು ಇಲ್ಲಿಂದಲೇ.

ಹಂತ 1: ‘ರಿಟೇನರ್’ ಅಂದರೆ ಏನೆಂದು ಬರೆದಿದೆ, ನೋಡಿ

ಸಹಿ ಹಾಕಿದ ಒಪ್ಪಂದವನ್ನು ಹೊರಗೆ ತೆಗೆಯಿರಿ. ರಿಟೇನರ್ ಅನ್ನುವ ಒಂದೇ ಪದಕ್ಕೆ ಅಲ್ಲಿ ಬೇರೆ ಬೇರೆ ಅರ್ಥಗಳಿವೆ. ಜಾಸ್ತಿ ಬಳಕೆಯಲ್ಲಿರುವುದು ಠೇವಣಿಯ ಅರ್ಥ. ಹೆಚ್ಚಿನ ರಾಜ್ಯಗಳಲ್ಲಿ ಈ ಹಣ ವಕೀಲರ ಸ್ವಂತ ಖಾತೆಗೆ ಹೋಗುವಂತಿಲ್ಲ. ಕಕ್ಷಿದಾರರ ಹಣಕ್ಕೆಂದೇ ಇರುವ ಟ್ರಸ್ಟ್ ಖಾತೆಯಲ್ಲಿ ಇರಬೇಕು. ಕೆಲಸ ಮಾಡಿದಷ್ಟೂ ಅವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಉಳಿದದ್ದು ನಿಮ್ಮದೇ.

ಇನ್ನೊಂದು ‘ನಿಜವಾದ’ ರಿಟೇನರ್. ಕರೆದಾಗ ಸಿಗುತ್ತೇನೆ, ನಿಮ್ಮ ಎದುರಾಳಿಯ ಕೇಸು ಹಿಡಿಯುವುದಿಲ್ಲ ಎನ್ನುವ ಮಾತಿಗೇ ಕೊಡುವ ಹಣ ಇದು. ಕೊಟ್ಟ ಕೂಡಲೇ ವಕೀಲರದ್ದಾಗುತ್ತದೆ. ದೊಡ್ಡ ಕಂಪನಿಗಳು ಹೀಗೆ ಮಾಡಿಕೊಳ್ಳಬಹುದು. ಒಂದು ವಿಚ್ಛೇದನದ ಕೇಸಿಗೆ ಇದು ಬೇಕಿಲ್ಲ. ಇಡೀ ಕೆಲಸಕ್ಕೆ ಇಷ್ಟು ಎಂದು ಒಟ್ಟಾಗಿ ಮಾತಾಡಿಕೊಳ್ಳುವ ಫ್ಲಾಟ್ ಫೀ ಕೂಡ ಇದೆ. ಅದನ್ನು ಮುಂಗಡ ಕೊಟ್ಟರೆ ಎಲ್ಲಿಡಬೇಕು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

‘ಈ ಹಣ ವಾಪಸ್ ಕೊಡುವುದಿಲ್ಲ’ ಎಂದು ಒಪ್ಪಂದದಲ್ಲಿ ದಪ್ಪಕ್ಷರದಲ್ಲಿ ಇದೆಯೇ? ಅಷ್ಟಕ್ಕೇ ಕೈ ಚೆಲ್ಲಬೇಡಿ. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಕೂಪರ್‌ಮನ್ ಪ್ರಕರಣ ಬಂತು. ವಕೀಲರು ವಾಪಸಿಲ್ಲದ ಮುಂಗಡ ಎಂದು ಬರೆಸಿಕೊಂಡು ಹಣ ಪಡೆದಿದ್ದರು. ನ್ಯಾಯಾಲಯ ಅಂಥ ಒಪ್ಪಂದವೇ ತಪ್ಪು ಎಂದಿತು. ವಕೀಲರನ್ನು ಯಾವಾಗ ಬೇಕಾದರೂ ಬಿಡುವ ಹಕ್ಕು ಕಕ್ಷಿದಾರರಿಗಿದೆ. ಬಿಟ್ಟರೆ ಹಣವೆಲ್ಲ ಹೋಗುತ್ತದೆ ಎಂದಾದರೆ ಆ ಹಕ್ಕು ಇದ್ದೂ ಇಲ್ಲದಂತೆ. ಆ ವಕೀಲರನ್ನು ಎರಡು ವರ್ಷ ವೃತ್ತಿಯಿಂದ ಅಮಾನತು ಮಾಡಿದ್ದೂ ಗಟ್ಟಿಯಾಯಿತು.

ಬರವಣಿಗೆಯ ಒಪ್ಪಂದವೇ ಇಲ್ಲದಿದ್ದರೆ? ಆಗ ವಕೀಲರಿಗೇ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಖರ್ಚು 1,000 ಡಾಲರ್ ಮೀರುವಂತೆ ಕಂಡರೆ ಸಾಮಾನ್ಯವಾಗಿ ಲಿಖಿತ ಒಪ್ಪಂದ ಬೇಕು. ಅದಿಲ್ಲದಿದ್ದರೆ ಬಾಯಿಮಾತಿನ ಕರಾರನ್ನು ನೀವು ರದ್ದು ಮಾಡಬಹುದು. ಹಾಗಂತ ಕೆಲಸ ಪುಕ್ಕಟೆ ಆಗುವುದಿಲ್ಲ, ನ್ಯಾಯವಾದ ಶುಲ್ಕ ಕೊಡಲೇಬೇಕು.

ಹಂತ 2: ಬಿಲ್ಲನ್ನು ಸಾಲು ಸಾಲಾಗಿ ಓದಿ

ವಿವರ ಇಲ್ಲದ ಬಿಲ್ ಬಂದಿದ್ದರೆ ವಿವರ ಕೇಳಿ. ಗಂಟೆ ಲೆಕ್ಕದ ವಕೀಲರು ಸಾಮಾನ್ಯವಾಗಿ ಗಂಟೆಯ ಹತ್ತನೇ ಒಂದು ಭಾಗವನ್ನು, ಅಂದರೆ 6 ನಿಮಿಷವನ್ನು, ಒಂದು ತುಂಡಾಗಿ ಎಣಿಸುತ್ತಾರೆ. ಗಂಟೆಗೆ 400 ಡಾಲರ್ ಆದರೆ ಒಂದು ತುಂಡಿಗೆ 40. ಎರಡು ಸಾಲಿನ ಇಮೇಲ್ ಓದಿದ್ದಕ್ಕೆ ಮೂರು ತುಂಡು ಹಾಕಿದ್ದರೆ 120 ಡಾಲರ್ ಹೋಯಿತು.

ಮುಖ್ಯವಾಗಿ ‘ಫೋನ್, ಇಮೇಲ್, ಕಡತ ಓದು, ಅರ್ಜಿ ತಯಾರಿ: 6.8 ಗಂಟೆ’ ಎಂದು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಸಾಲುಗಳನ್ನು ಹುಡುಕಿ. ಯಾವುದಕ್ಕೆ ಎಷ್ಟು ಹೊತ್ತು ಎಂದು ಬಿಡಿಸಿ ಕೇಳಿ. ಜೆರಾಕ್ಸ್ ಮಾಡಿದ್ದಕ್ಕೆ, ಕಾಗದ ಜೋಡಿಸಿದ್ದಕ್ಕೆ ವಕೀಲರ ದರ ಹಾಕಿದ್ದಾರಾ? ಒಂದೇ ಮೀಟಿಂಗಿಗೆ ಇಬ್ಬರು ಕೂತು ಇಬ್ಬರದ್ದೂ ಬಿಲ್ ಆಗಿದೆಯಾ? ದರ ಒಪ್ಪಂದದಲ್ಲಿ ಇದ್ದಷ್ಟೇ ಇದೆಯಾ? ಜೊತೆಗೆ ನಿಮ್ಮ ಫೋನಿನ ಕರೆಪಟ್ಟಿಯನ್ನೂ ತೆಗೆದು ನೋಡಿ. ಸುಮ್ನೆ ಸಮಾಧಾನಕ್ಕೆಂದು ಮಾಡಿದ ಅರ್ಧ ಗಂಟೆಯ ಕರೆಗಳು ಎಷ್ಟು ಎಂದು ನೋಡಿದರೆ ಸಿಟ್ಟು ಸ್ವಲ್ಪ ಇಳಿದರೂ ಇಳಿಯಬಹುದು.

ಶುಲ್ಕ ನ್ಯಾಯವಾದದ್ದೇ ಎಂದು ಅಳೆಯುವಾಗ ಹಿಡಿದ ಸಮಯ, ಕೆಲಸದ ಕಷ್ಟ, ಆ ಊರಿನಲ್ಲಿ ನಡೆಯುವ ದರ, ವಕೀಲರ ಅನುಭವ, ಸಿಕ್ಕ ಫಲ ಎಲ್ಲವನ್ನೂ ನೋಡುತ್ತಾರೆ. ಕೇಸು ಸೋತಿರಿ ಎಂಬ ಒಂದೇ ಕಾರಣಕ್ಕೆ ಗಂಟೆ ಲೆಕ್ಕದ ಬಿಲ್ ಮನ್ನಾ ಆಗುವುದಿಲ್ಲ.

ಹಂತ 3: ಬರೆದು ತಿಳಿಸಿ, ಬೇಗ ತಿಳಿಸಿ

ಜನ ಎಡವುವುದು ಇಲ್ಲೇ. ಬಿಲ್ ಇಷ್ಟವಾಗಲಿಲ್ಲ ಎಂದು ಡ್ರಾಯರಿಗೆ ಹಾಕಿ ಸುಮ್ಮನಾಗುತ್ತಾರೆ. ಬಿಲ್ ಇಟ್ಟುಕೊಂಡು ತುಂಬ ದಿನ ಆಕ್ಷೇಪ ಹೇಳದಿದ್ದರೆ ಒಪ್ಪಿದಂತೆಯೇ ಎಂದು ವಕೀಲರು ನ್ಯಾಯಾಲಯದಲ್ಲಿ ವಾದಿಸಬಹುದು. ನ್ಯೂಯಾರ್ಕಿನಲ್ಲಿ ಈ ವಾದ ಚೆನ್ನಾಗಿಯೇ ನಡೆಯುತ್ತದೆ.

ಪತ್ರ ಉದ್ದ ಇರಬೇಕಿಲ್ಲ. ‘ಇಂಥ ತಾರೀಖಿನ ಬಿಲ್ಲಿನಲ್ಲಿ ಈ ನಾಲ್ಕು ಸಾಲುಗಳನ್ನು ನಾನು ಒಪ್ಪುವುದಿಲ್ಲ, ಕಾರಣ ಇದು. ಉಳಿದದ್ದನ್ನು ಪಾವತಿಸುತ್ತಿದ್ದೇನೆ. ತಕರಾರಿನ ಹಣವನ್ನು ಟ್ರಸ್ಟ್ ಖಾತೆಯಿಂದ ತೆಗೆಯಬೇಡಿ.’ ಇಷ್ಟು ಸಾಕು. ತಕರಾರು ಇರುವ ಹಣವನ್ನು ಇತ್ಯರ್ಥವಾಗುವ ತನಕ ಬೇರೆ ಇಡಬೇಕು ಎನ್ನುವುದು ವಕೀಲರ ನಡತೆಯ ನಿಯಮವೇ. ಅರ್ಧಕ್ಕರ್ಧ ಜಗಳ ಇಲ್ಲಿಗೇ ಮುಗಿಯುತ್ತದೆ ಎಂದು ನನಗನ್ನಿಸುತ್ತದೆ. ಬಿಲ್ ಕಡಿಮೆ ಮಾಡುವುದು ವಕೀಲರಿಗೂ ಕೋರ್ಟಿಗೆ ಹೋಗುವುದಕ್ಕಿಂತ ಸಲೀಸು.

ಹಂತ 4: ಫೀ ಆರ್ಬಿಟ್ರೇಷನ್ ಕೇಳಿ

ಶುಲ್ಕದ ಜಗಳಕ್ಕೆಂದೇ ಹಲವು ರಾಜ್ಯಗಳಲ್ಲಿ ಮಧ್ಯಸ್ಥಿಕೆ ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ನೀವು ಕೇಳಿದರೆ ವಕೀಲರು ಬರಲೇಬೇಕು. ಅವರು ಕೇಳಿದರೆ ನೀವು ಬೇಡ ಎನ್ನಬಹುದು. ಶುಲ್ಕಕ್ಕಾಗಿ ದಾವೆ ಹೂಡಿದರೆ, ಸಮನ್ಸ್ ತಲುಪಿಸುವ ಮುಂಚೆ ಅಥವಾ ಅದರ ಜೊತೆಗೇ, ಈ ಹಕ್ಕು ನಿಮಗಿದೆ ಎಂದು ಅವರು ನೋಟಿಸ್ ಕೊಡಬೇಕು. ನೋಟಿಸ್ ಕೈಗೆ ಬಂದು 30 ದಿನದೊಳಗೆ ಅರ್ಜಿ ಹಾಕದಿದ್ದರೆ ಹಕ್ಕು ಹೋಯಿತು. ನ್ಯೂಯಾರ್ಕಿನಲ್ಲಿಯೂ ಇಂಥದ್ದೇ ಏರ್ಪಾಡಿದೆ, ಅದು 1,000ದಿಂದ 50,000 ಡಾಲರ್ ತನಕದ ತಕರಾರಿಗೆ. ಕೆಲವು ರಾಜ್ಯಗಳಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ಇದು ನಡೆಯುತ್ತದೆ.

ಮಧ್ಯಸ್ಥರ ತೀರ್ಪಿಗೆ ಕಟ್ಟುಬೀಳುತ್ತೇವೆ ಎಂದು ಇಬ್ಬರೂ ಒಪ್ಪಿ ಬರೆದುಕೊಡದಿದ್ದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡರಲ್ಲೂ ತೀರ್ಪು ಕಳಿಸಿದ 30 ದಿನದೊಳಗೆ ಕೋರ್ಟಿಗೆ ಹೋಗಬಹುದು. ‘ವಕೀಲರ ಅಜಾಗರೂಕತೆಯಿಂದ ನಷ್ಟವಾಯಿತು, ಪರಿಹಾರ ಕೊಡಿಸಿ’ ಎನ್ನುವುದಕ್ಕೆ ಮಾತ್ರ ಇದು ಜಾಗವಲ್ಲ. ಟ್ರಸ್ಟ್ ಖಾತೆಯ ಹಣವನ್ನೇ ನುಂಗಿದ್ದರೆ ಅದು ಶುಲ್ಕದ ಜಗಳವಲ್ಲ, ಕಳ್ಳತನ. ಅದಕ್ಕೆ ಶಿಸ್ತು ಸಮಿತಿಗೆ ದೂರು ಕೊಡಬೇಕು, ರಾಜ್ಯದ ಕಕ್ಷಿದಾರರ ರಕ್ಷಣಾ ನಿಧಿಗೂ ಅರ್ಜಿ ಹಾಕಬಹುದು.

ಹಂತ 5: ವಕೀಲರನ್ನು ಬದಲಿಸುವುದಾದರೆ

ಬಿಡುವ ಹಕ್ಕು ನಿಮ್ಮದು. ಕೇಸು ಕೋರ್ಟಿನಲ್ಲಿದ್ದರೆ ಅದಕ್ಕೆ ಬೇಕಾದ ಅರ್ಜಿ ಸಲ್ಲಿಸಬೇಕು, ಅಷ್ಟೇ. ಕೆಲಸಕ್ಕೆ ಖರ್ಚಾಗದ ಮುಂಗಡ ವಾಪಸ್ ಬರಬೇಕು. ಕಡತದ ವಿಷಯ ಅಷ್ಟು ಸುಲಭವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಾಕಿ ಇದೆ ಎಂದು ವಕೀಲರು ಕಡತ ಹಿಡಿದಿಡುವಂತಿಲ್ಲ. ನ್ಯೂಯಾರ್ಕಿನಲ್ಲಿ ಹಿಡಿದಿಡುವ ಹಕ್ಕನ್ನು ನ್ಯಾಯಾಲಯಗಳು ಒಪ್ಪುತ್ತವೆ.

ಗೆದ್ದರೆ ಮೂರನೇ ಒಂದು ಪಾಲು ಎನ್ನುವ ಕರಾರು ಅಪಘಾತದ ಕೇಸುಗಳಲ್ಲಿ ಮಾಮೂಲು. ಭಾರತದಲ್ಲಿ ವಕೀಲರು ಹೀಗೆ ಪಾಲು ಕೇಳುವಂತಿಲ್ಲ, ಹಾಗಾಗಿ ಇದು ನಮ್ಮವರಿಗೆ ವಿಚಿತ್ರ ಅನ್ನಿಸುತ್ತದೆ. ಅಮೆರಿಕದಲ್ಲಿಯೂ ಕ್ರಿಮಿನಲ್ ಕೇಸಿಗೆ ಇದು ನಡೆಯುವುದಿಲ್ಲ. ಇಂಥ ವಕೀಲರನ್ನು ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಪಾಲು ಕೊಡಬೇಕೇ? ಬೇಡ, ಮಾಡಿದ ಕೆಲಸದ ನ್ಯಾಯವಾದ ಬೆಲೆ ಕೊಟ್ಟರೆ ಸಾಕು, ಅದೂ ಕೇಸಿನಲ್ಲಿ ಹಣ ಬಂದ ಮೇಲೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ.

ಇಷ್ಟೆಲ್ಲ ಆದ ಮೇಲೂ ವಕೀಲರು ದಾವೆ ಹೂಡಿ ಸಮನ್ಸ್ ಬಂದರೆ ಅದನ್ನು ಮಾತ್ರ ಡ್ರಾಯರಿಗೆ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಎಚ್ಚರವೂ ಬೇಕು. ಆರ್ಬಿಟ್ರೇಷನ್ ನೋಟಿಸ್ ಸಿಕ್ಕ ಮೇಲೆ ದಾವೆಗೆ ಉತ್ತರ ಸಲ್ಲಿಸಿಬಿಟ್ಟರೆ ಮಧ್ಯಸ್ಥಿಕೆಯ ಹಕ್ಕು ಕೈತಪ್ಪುತ್ತದೆ. ಮೊದಲು ಆ ಅರ್ಜಿ, ಆಮೇಲೆ ಉಳಿದದ್ದು.