ಪೋಲಿಷ್ ಸಮಾಸಪದದ ಮೂಲವನ್ನು ಹುಡುಕುವ ಬಗೆ

ಪೋಲಿಷ್ ಸಮಾಸಪದವೊಂದರ ವ್ಯುತ್ಪತ್ತಿಯನ್ನು ಹುಡುಕುವವರು ಮೊದಲು ಪದದ ನಡುವೆ 'ಒ' ಸ್ವರವಿದೆಯೇ ಎಂದು ನೋಡಬೇಕು. ಅಂಚೆಯವನಿಗೆ ಆ ಭಾಷೆಯಲ್ಲಿ 'ಲಿಸ್ತೊನೊಷ್' ಎನ್ನುತ್ತಾರೆ. 'ಲಿಸ್ತ್' ಎಂದರೆ ಪತ್ರ, 'ನೊಷ್' ಎಂಬುದು ಹೊರು ಎಂಬರ್ಥದ ಧಾತುವಿನಿಂದ ಬಂದದ್ದು. ನಡುವಿನ 'ಒ'ಗೆ ಸ್ವಂತ ಅರ್ಥವಿಲ್ಲ, ಅದು ಬರಿಯ ಬೆಸುಗೆ. ವಿಮಾನವನ್ನು ಹೇಳುವ 'ಸಾಮೊಲೊತ್' (ತಾನೇ, ಹಾರಾಟ) ಕೂಡ ಹೀಗೆಯೇ ಬಿಡಿಸಿಕೊಳ್ಳುತ್ತದೆ.

ಈ ಬೆಸುಗೆ ಕಾಣದಿದ್ದರೆ ಪದ ಬಹಳ ಹಳೆಯದಿರಬಹುದೆಂದು ಅನುಮಾನಿಸಬೇಕು. ಕರಡಿಯ ಹೆಸರಾದ 'ನ್ಯೆಜ್‌ವ್ಯೆಚ್' ಅಂಥದ್ದು. ಇಂದಿನ ಪೋಲಿಷ್ ಕಿವಿಗೆ ಇದರಲ್ಲಿ 'ಅಲ್ಲ' ಎಂಬ 'ನ್ಯೆ'ಯೂ 'ತಿಳಿ' ಎಂಬ ಧಾತುವೂ ಕೇಳಿಸುತ್ತವೆ. ಆದರೆ ಕಿವಿಯನ್ನೇ ನಂಬಿ ಪದವನ್ನು ಒಡೆಯಬಾರದು. ಸೋದರ ಭಾಷೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ: ರಷ್ಯನ್ನಿನಲ್ಲಿ 'ಮೆದ್ವೇದ್', ಚೆಕ್‌ನಲ್ಲಿ 'ಮೆದ್ವ್ಯೆತ್'. ಹಳೆಯ ಪೋಲಿಷ್‌ನಲ್ಲೂ ಮಕಾರದ ರೂಪವಿತ್ತು. ಆದ್ದರಿಂದ ಮಕಾರವೇ ಮೂಲ, ನಕಾರ ಆಮೇಲೆ ಬಂದದ್ದು.

ಈಗ ಪದ ತೆರೆದುಕೊಳ್ಳುತ್ತದೆ: ಈ ಭಾಷೆಗಳ ಹಳೆಯ ಮೂಲರೂಪದಲ್ಲಿ 'ಮೆದು' ಎಂದರೆ ಜೇನು, 'ಏದ್' ಎಂದರೆ ತಿನ್ನು. ಇಂದಿನ ಪೋಲಿಷ್‌ನಲ್ಲಿ ಜೇನಿಗೆ 'ಮ್ಯೂತ್' ಎಂಬ ಉಚ್ಚಾರವಿರುವುದರಿಂದ ದಕಾರವೆಲ್ಲಿ ಎಂಬ ಸಂದೇಹ ಬರುವುದು ಸಹಜ. ಪದಾಂತ್ಯದ ಘೋಷ ವ್ಯಂಜನ ಅಲ್ಲಿ ಅಘೋಷವಾಗುತ್ತದೆ, ಅಂದರೆ ದಕಾರ ತಕಾರದಂತೆ ಕೇಳಿಸುತ್ತದೆ. ಷಷ್ಠೀ ವಿಭಕ್ತಿಯ 'ಮ್ಯೊದು' ರೂಪವನ್ನು ನೋಡಿದರೆ ದಕಾರ ಮರಳಿ ಕಾಣುತ್ತದೆ. ಯಾವ ಪದವನ್ನೇ ಆಗಲಿ ಪ್ರಥಮಾ ವಿಭಕ್ತಿಯಲ್ಲಿ ಮಾತ್ರ ನೋಡಿ ತೀರ್ಮಾನಿಸಬಾರದೆನ್ನುವುದು ಇದಕ್ಕಾಗಿಯೇ.

ನಡುವಿನ ವಕಾರವನ್ನು ವಿವರಿಸದೆ ಬಿಟ್ಟರೆ ವ್ಯುತ್ಪತ್ತಿ ಅಪೂರ್ಣ. ಸ್ವರ ಪರವಾದಾಗ ಉಕಾರ ವಕಾರವಾಗಿದೆ, ಅಂದರೆ ನಾವು ಶಾಲೆಯಲ್ಲಿ ಕಲಿತ ಯಣ್ ಸಂಧಿಯಂಥದ್ದೇ ಕಾರ್ಯ ಇಲ್ಲೂ ನಡೆದಿದೆ. ಋಗ್ವೇದದ ಮೊದಲ ಮಂಡಲದ 164ನೆಯ ಸೂಕ್ತದಲ್ಲಿ ಹಕ್ಕಿಗಳನ್ನು 'ಮಧ್ವದಃ', ಮಧುವನ್ನು ತಿನ್ನುವವು, ಎಂದು ಕರೆದಿದೆ. ಅದೇ ಎರಡು ಮೂಲಗಳು ('ಮಧು', ಮತ್ತು ತಿನ್ನು ಎಂಬರ್ಥದ 'ಅದ್'), ಅದೇ ಬಗೆಯ ಸಂಧಿ. ಇಷ್ಟು ದೂರದ ಎರಡು ಭಾಷೆಗಳಲ್ಲಿ ಇಂಥ ಹೊಂದಿಕೆ ಸಿಕ್ಕಾಗ ಆಗುವ ಸಂತೋಷ ದೊಡ್ಡದು.

ಕೊನೆಗೆ ಅರ್ಥವನ್ನು ವಿಚಾರಿಸಬೇಕು. ಸಂಸ್ಕೃತದ 'ಋಕ್ಷ', ಗ್ರೀಕಿನ 'ಆರ್ಕ್ತೋಸ್', ಲ್ಯಾಟಿನ್ನಿನ 'ಉರ್ಸುಸ್' ಉಳಿಸಿಕೊಂಡ ಕರಡಿಯ ಹಳೆಯ ಹೆಸರು ಪೋಲಿಷ್, ರಷ್ಯನ್, ಚೆಕ್ ಸೇರಿದ ಸ್ಲಾವಿಕ್ ಭಾಷೆಗಳಲ್ಲಿ ಇಲ್ಲ. ಭಯದಿಂದ ನಿಜನಾಮವನ್ನು ಬಿಟ್ಟು 'ಜೇನು ತಿನ್ನುವುದು' ಎಂದು ಕರೆದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಷ್ಟಾದ ಮೇಲೆ, ಅಲೆಕ್ಸಾಂಡರ್ ಬ್ರೂಕ್ನರ್ 1927ರಲ್ಲಿ ಪ್ರಕಟಿಸಿದ ಪೋಲಿಷ್ ವ್ಯುತ್ಪತ್ತಿ ನಿಘಂಟನ್ನೋ ಅದಕ್ಕಿಂತ ಈಚಿನದನ್ನೋ ತೆರೆದು ನಿಮ್ಮ ವಿಂಗಡಣೆಯನ್ನು ಹೋಲಿಸಿಕೊಳ್ಳಿ.