ಸಿನಿಮಾಕ್ಕೆ ರಿಸೀವರ್, ಹಾಡಿಗೆ ಸ್ಟೀರಿಯೊ ಆಂಪ್: ಎರಡಕ್ಕೂ ಒಂದೇ ಜೋಡಿ ಸ್ಪೀಕರ್ ಹೊಂದಿಸುವುದು ಹೇಗೆ?

ಹೋಮ್ ಥಿಯೇಟರ್ ರಿಸೀವರ್ ಅಂದರೆ ಏಳೋ ಒಂಬತ್ತೋ ಆಂಪ್ಲಿಫೈಯರ್, ಎಚ್‌ಡಿಎಂಐ ಸ್ವಿಚ್, ಡಾಲ್ಬಿ ಡಿಕೋಡರ್, ವೈಫೈ, ಬ್ಲೂಟೂತ್ ಎಲ್ಲವನ್ನೂ ಒಟ್ಟಿಗೆ ತುರುಕಿದ ಪೆಟ್ಟಿಗೆ. ಇಷ್ಟಕ್ಕೂ ಸಾಮಾನ್ಯವಾಗಿ ಒಂದೇ ಟ್ರಾನ್ಸ್‌ಫಾರ್ಮರ್. ಡಬ್ಬಿಯ ಮೇಲೆ ‘ಪ್ರತಿ ಚಾನೆಲ್‌ಗೆ 100 ವಾಟ್’ ಎಂದು ಬರೆದಿದ್ದರೆ ಕೆಳಗಿನ ಸಣ್ಣಕ್ಷರವನ್ನೂ ಓದಬೇಕು. ಬಹುಪಾಲು ಕಂಪನಿಗಳು ಆ ಅಂಕಿಯನ್ನು ಎರಡೇ ಚಾನೆಲ್ ಓಡಿಸಿ ಅಳೆದಿರುತ್ತವೆ. ಎಲ್ಲವೂ ಒಟ್ಟಿಗೆ ದುಡಿಯುವಾಗ ಪ್ರತಿಯೊಂದರ ಪಾಲು ಕಡಿಮೆಯಾಗುತ್ತದೆ. ಎಡ-ಬಲದ ದೊಡ್ಡ ಸ್ಪೀಕರ್‌ಗಳಿಗೆ ಬೇರೆ ಸ್ಟೀರಿಯೊ ಆಂಪ್ ಕೊಟ್ಟರೆ ರಿಸೀವರ್ ಹೊರೆ ಇಳಿಯುತ್ತದೆ. ಹಾಡು ಕೇಳುವಾಗ ರಿಸೀವರ್ ಆನ್ ಮಾಡುವ ಗೊಡವೆಯೂ ಇರುವುದಿಲ್ಲ.

ಕಾಸು ಬಿಚ್ಚುವ ಮುನ್ನ ಒಂದು ಲೆಕ್ಕ. ಸದ್ದು ಇನ್ನೂ ಜೋರಾಗಲಿ ಎಂಬುದೊಂದೇ ಆಸೆಯಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. 100 ವಾಟ್‌ನಿಂದ 200 ವಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡು ಪಟ್ಟು ಜೋರು’ ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಾಡು ಸಪ್ಪೆ ಅನಿಸುತ್ತಿದ್ದರೂ ಮೊದಲು ರಿಸೀವರ್‌ನ ಸೌಂಡ್ ಮೋಡ್ ನೋಡಿ. ಅದು ‘ಮಲ್ಟಿ ಚಾನೆಲ್ ಸ್ಟೀರಿಯೊ’ದಲ್ಲಿ ಕೂತು ಒಂದೇ ಹಾಡನ್ನು ಐದು ಸ್ಪೀಕರ್‌ಗೂ ಹಂಚುತ್ತಿರಬಹುದು. ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ಗೆ ಬದಲಿಸಿ ಒಂದು ವಾರ ಕೇಳಿ. ಅಷ್ಟರಲ್ಲೇ ಸಮಾಧಾನವಾದರೆ ಖರ್ಚು ಸೊನ್ನೆ.

ಬೇರೆ ಆಂಪ್ ನಿಜವಾಗಿ ಕೆಲಸಕ್ಕೆ ಬರುವುದು ಹೆಚ್ಚು ಕರೆಂಟ್ ಬೇಡುವ 4 ಓಮ್‌ನ ಹಟಮಾರಿ ಸ್ಪೀಕರ್ ಇದ್ದಾಗ, ಸಿನಿಮಾಕ್ಕಿಂತ ಹಾಡು ಹೆಚ್ಚು ಕೇಳುವ ಮನೆಯಲ್ಲಿ, ರೆಕಾರ್ಡ್ ಪ್ಲೇಯರ್ ಇರುವಲ್ಲಿ. ಇನ್ನೊಂದು ಸಂದರ್ಭ ಹಲವರಿಗೆ ಹೊಳೆಯುವುದಿಲ್ಲ. ಕೆಲವು ರಿಸೀವರ್‌ಗಳಲ್ಲಿ ಡಿಕೋಡ್ ಮಾಡುವ ಚಾನೆಲ್ ಹೆಚ್ಚು, ಆಂಪ್ ಕಡಿಮೆ. ಡೆನಾನ್ ಎವಿಆರ್-ಎಕ್ಸ್3700ಎಚ್ ಒಳಗೆ 9 ಆಂಪ್ ಇವೆ, ಆದರೆ ಅದು 11 ಚಾನೆಲ್ ಲೆಕ್ಕ ಹಾಕಬಲ್ಲದು. ಮುಂದಿನ ಎರಡಕ್ಕೆ ಹೊರಗಿನ ಆಂಪ್ ಕೊಟ್ಟರೆ ಪೂರ್ತಿ 7.1.4 ಅಟ್ಮಾಸ್ (ಸುತ್ತ ಏಳು ಸ್ಪೀಕರ್, ಒಂದು ಸಬ್‌ವೂಫರ್, ತಲೆ ಮೇಲೆ ನಾಲ್ಕು) ಓಡುತ್ತದೆ.

ಮೊದಲು ರಿಸೀವರ್ ಬೆನ್ನು ನೋಡಿ

ಹುಡುಕಬೇಕಾದ ಅಕ್ಷರ ‘ಪ್ರಿ ಔಟ್’, ಅದರ ಕೆಳಗೆ ‘ಫ್ರಂಟ್ ಎಲ್, ಆರ್’. ರಿಸೀವರ್ ವಾಲ್ಯೂಮ್ ದಾಟಿದ, ಆದರೆ ಇನ್ನೂ ಬಲ ತುಂಬದ ಸಿಗ್ನಲ್ಲನ್ನು ಹೊರಗಿನ ಆಂಪ್‌ಗೆ ಕಳಿಸುವ ಸಾಕೆಟ್ ಅದು. ಕಡಿಮೆ ದರದ ರಿಸೀವರ್‌ಗಳಲ್ಲಿ ಸಬ್‌ವೂಫರ್‌ಗೆ ಮಾತ್ರ ಪ್ರಿ ಔಟ್ ಇರುತ್ತದೆ. ಅದರಿಂದ ಈ ಕೆಲಸ ಆಗದು. ‘ಝೋನ್ 2 ಔಟ್’ ಕಂಡು ಖುಷಿಪಡಬೇಡಿ, ಅದು ಪಕ್ಕದ ಕೋಣೆಗೆ. ‘ಆಡಿಯೊ ಔಟ್’, ‘ರೆಕ್ ಔಟ್’ ಅಂತೂ ಅಪಾಯ. ಅವು ವಾಲ್ಯೂಮ್‌ಗೆ ಜಗ್ಗುವುದಿಲ್ಲ, ಸದಾ ಪೂರ್ತಿ ಮಟ್ಟದ ಸಿಗ್ನಲ್ ಕಳಿಸುತ್ತವೆ.

ಪ್ರಿ ಔಟ್ ಇಲ್ಲದವರಿಗೆ ಒಂದು ಅಡ್ಡದಾರಿ ಇದೆ: ಎರಡು ಆಂಪ್, ಒಂದು ಜೋಡಿ ಸ್ಪೀಕರ್ ಹಿಡಿಸುವ ಸೆಲೆಕ್ಟರ್ ಪೆಟ್ಟಿಗೆ. ಕೊಳ್ಳುವಾಗ ಅದು ಪ್ಲಸ್, ಮೈನಸ್ ಎರಡೂ ತಂತಿಗಳನ್ನು ಬದಲಿಸುತ್ತದೆಯೇ ಎಂದು ಕೇಳಿ. ಅಗ್ಗದವು ಪ್ಲಸ್ ಮಾತ್ರ ಬದಲಿಸಿ ಮೈನಸ್‌ಗಳನ್ನು ಒಳಗೇ ಒಂದು ಮಾಡಿರುತ್ತವೆ. ಈಗ ಜನಪ್ರಿಯವಾಗಿರುವ ಟಿಪಿಎ3255 ಚಿಪ್‌ನ ಪುಟಾಣಿ ಕ್ಲಾಸ್-ಡಿ ಸ್ಟೀರಿಯೊ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್ ಕೂಡ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಹರಿಯುತ್ತದೆ. ಅದನ್ನು ರಿಸೀವರ್‌ನ ಮೈನಸ್‌ಗೆ ಸೇರಿಸಿದರೆ ಚಿಪ್ ಸುಡಬಹುದು.

ಆಮೇಲೆ ಸ್ಟೀರಿಯೊ ಆಂಪ್

ಇಲ್ಲಿ ಪಾಲಿಸಬೇಕಾದ ಸೂತ್ರ ಒಂದೇ: ಒಂದು ಹೊತ್ತಿಗೆ ಒಂದೇ ವಾಲ್ಯೂಮ್ ನಾಬ್‌ನ ಕಾರುಬಾರು. ಸಿನಿಮಾ ಓಡುವಾಗ ರಿಸೀವರ್‌ನದು, ಹಾಡಿಗೆ ಆಂಪ್‌ನದು. ಎರಡೂ ಸೇರಿ ಎಳೆದಾಡಿದರೆ ಡೈಲಾಗ್ ಬರುವ ಸೆಂಟರ್ ಸ್ಪೀಕರ್ ಒಂದು ಮಟ್ಟದಲ್ಲಿ, ಎಡ-ಬಲ ಇನ್ನೊಂದು ಮಟ್ಟದಲ್ಲಿ ನಿಲ್ಲುತ್ತವೆ.

ಇದಕ್ಕೆಂದೇ ಇರುವ ಇನ್‌ಪುಟ್ಟಿಗೆ ‘ಎಚ್‌ಟಿ (ಹೋಮ್ ಥಿಯೇಟರ್) ಬೈಪಾಸ್’ ಎನ್ನುತ್ತಾರೆ. ಕಂಪನಿಗೊಂದು ಹೆಸರು: ‘ಥಿಯೇಟರ್’, ‘ಡೈರೆಕ್ಟ್ ಇನ್’, ‘ಪವರ್ ಆಂಪ್ ಇನ್’, ‘ಮೇನ್ ಇನ್’. ಬೈಪಾಸ್ ಒತ್ತಿದಾಗ ಆಂಪ್‌ನ ವಾಲ್ಯೂಮ್, ಬಾಸ್, ಟ್ರೆಬಲ್ ಎಲ್ಲ ಪಕ್ಕಕ್ಕೆ ಸರಿದು, ರಿಸೀವರ್ ಕಳಿಸಿದ್ದು ನೇರ ಪವರ್ ಹಂತಕ್ಕೆ ಹೋಗುತ್ತದೆ.

‘ಮೇನ್ ಇನ್’ ಹೆಸರಿನಲ್ಲಿ ಒಂದು ಮೋಸವಿದೆ. ಎನ್‌ಎಡಿಯಂಥ ಕಂಪನಿಗಳ ಕೆಲವು ಹಳೆಯ ಆಂಪ್‌ಗಳ ಹಿಂದೆ ‘ಪ್ರಿ ಔಟ್’ನಿಂದ ‘ಮೇನ್ ಇನ್’ಗೆ ಹೇರ್‌ಪಿನ್ನಿನಂಥ ಲೋಹದ ಕೊಂಡಿಗಳಿರುತ್ತವೆ. ಅವನ್ನು ಕಿತ್ತು ರಿಸೀವರ್ ಕೇಬಲ್ ಚುಚ್ಚಿದರೆ ಸಿನಿಮಾ ಓಡುತ್ತದೆ. ಆದರೆ ಆಂಪ್‌ನ ಸ್ವಂತ ಸಿಡಿ, ಫೋನೊ (ರೆಕಾರ್ಡ್ ಪ್ಲೇಯರ್) ಇನ್‌ಪುಟ್‌ಗಳ ದಾರಿ ಅಲ್ಲಿಗೆ ಕಡಿದುಹೋಗುತ್ತದೆ, ಹಾಡಿನ ಸದ್ದೇ ಬರುವುದಿಲ್ಲ. ಸ್ವಿಚ್‌ನಿಂದ ಬದಲಿಸುವ ಸೌಕರ್ಯ ಇದ್ದರೆ ಮಾತ್ರ ಅದು ನಿಜವಾದ ಬೈಪಾಸ್. ಕಿತ್ತ ಕೊಂಡಿಗಳನ್ನು ಎಸೆಯಬೇಡಿ. ಅವಿಲ್ಲದೆ ಆ ಆಂಪ್ ಮತ್ತೆ ಒಂಟಿಯಾಗಿ ಹಾಡದು.

ಬೈಪಾಸ್ ಇಲ್ಲದ ಆಂಪ್ ಈಗಾಗಲೇ ಮನೆಯಲ್ಲಿದ್ದರೆ ನಿರಾಶೆ ಬೇಡ. ರಿಸೀವರ್‌ನ ಪ್ರಿ ಔಟನ್ನು ‘ಆಕ್ಸ್’ಗೆ ಕೊಡಿ, ಸಿನಿಮಾ ನೋಡುವಾಗ ನಾಬನ್ನು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲಿಸಿ. ಪರದೆಯಲ್ಲಿ ಅಂಕಿ ಬರುವ ಆಂಪ್ ಆದರೆ ಸುಲಭ, ‘ಸಿನಿಮಾಕ್ಕೆ 45’ ಎಂದು ನೆನಪಿಟ್ಟರೆ ಸಾಕು. ಇಲ್ಲದಿದ್ದರೆ ನಾಬ್ ಅಂಚಿನಲ್ಲಿ ಸಣ್ಣ ಸ್ಟಿಕ್ಕರ್ ಅಂಟಿಸಿ. ಬಾಸ್, ಟ್ರೆಬಲ್, ಬ್ಯಾಲೆನ್ಸ್ ನಡುಮಧ್ಯದಲ್ಲಿರಲಿ, ಲೌಡ್‌ನೆಸ್ ಆಫ್ ಆಗಿರಲಿ.

ವೈರು, ಕೇಬಲ್

ಬೇಕಾದದ್ದು ಹೆಚ್ಚಿಲ್ಲ: 1ರಿಂದ 2 ಮೀಟರಿನ ಶೀಲ್ಡ್ ಇರುವ ಒಂದು ಜೋಡಿ ಆರ್‌ಸಿಎ ಕೇಬಲ್, ಸ್ಪೀಕರ್ ವೈರು, ಎರಡೂ ಯಂತ್ರಗಳಲ್ಲಿ ‘12 ವೋಲ್ಟ್ ಟ್ರಿಗರ್’ (ಒಂದು ಯಂತ್ರ ಇನ್ನೊಂದನ್ನು ಆನ್ ಮಾಡುವ ಸಾಕೆಟ್) ಇದ್ದರೆ 3.5 ಮಿ.ಮೀ. ಮೋನೊ ಪಿನ್ನಿನ ಒಂದು ಕೇಬಲ್. ಸಾವಿರಾರು ರೂಪಾಯಿಯ ಆರ್‌ಸಿಎ ಬೇಕಿಲ್ಲ, ಪಿನ್ ಬಿಗಿಯಾಗಿ ಕೂತರೆ ಸಾಕು.

ಸ್ಪೀಕರ್ ವೈರು 5 ಮೀಟರಿನೊಳಗಿದ್ದರೆ 1.5 ಚದರ ಮಿ.ಮೀ. ದಪ್ಪ ಧಾರಾಳ. ಅದಕ್ಕಿಂತ ದೂರವಾದರೆ ಅಥವಾ 4 ಓಮ್ ಸ್ಪೀಕರ್ ಆದರೆ 2.5 ಚದರ ಮಿ.ಮೀ. ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳಿ, ಆನ್‌ಲೈನಿನಲ್ಲೇ ತರಿಸಿ, ತಾಮ್ರವೋ ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಮ್ಮೋ ಎಂದು ಪರೀಕ್ಷಿಸಿ. ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಕಂಡರೆ ಅಲ್ಯುಮಿನಿಯಂ. ಮೇಲೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ತವರದ ಲೇಪದ ತಾಮ್ರ, ಅದಕ್ಕೆ ಹೆದರಬೇಕಾಗಿಲ್ಲ.

ಜೋಡಣೆ

1. ಎರಡನ್ನೂ ಆಫ್ ಮಾಡಿ, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಐದು ನಿಮಿಷ ಬಿಡಿ. ಹಿಂಬದಿಯ ಒಂದು ಫೋಟೊ ತೆಗೆದಿಟ್ಟರೆ ಮುಂದೆ ಪೀಕಲಾಟ ತಪ್ಪುತ್ತದೆ.

2. ರಿಸೀವರ್‌ನ ‘ಫ್ರಂಟ್’ ಎಡ-ಬಲದ ಸ್ಪೀಕರ್ ವೈರುಗಳನ್ನು ಪೂರ್ತಿ ಬಿಚ್ಚಿ ಸ್ಟೀರಿಯೊ ಆಂಪ್‌ಗೆ ಕಟ್ಟಿ. ರಿಸೀವರ್‌ನಲ್ಲಿ ಆ ಜಾಗ ಖಾಲಿಯೇ ಉಳಿಯಲಿ, ಟ್ರಾನ್ಸಿಸ್ಟರ್ ಆಂಪ್‌ಗೆ ಅದರಿಂದ ತೊಂದರೆಯಿಲ್ಲ. ವಾಲ್ವ್ ಆಂಪ್ ಕಥೆ ಬೇರೆ, ಅದನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು. ‘ಅದೂ ಇರಲಿ, ಇದೂ ಇರಲಿ’ ಎಂದು ಒಂದೇ ಸ್ಪೀಕರ್‌ಗೆ ಎರಡೂ ಆಂಪ್‌ನ ವೈರು ಕಟ್ಟುವುದು ಈ ಕೆಲಸದ ಅತಿ ದುಬಾರಿ ತಪ್ಪು. ಒಂದು ಆಂಪ್ ಇನ್ನೊಂದರ ಔಟ್‌ಪುಟ್ಟಿಗೆ ಕರೆಂಟ್ ನೂಕಿ ಎರಡೂ ಹಾಳಾಗುತ್ತವೆ.

3. ವೈರಿನ ತುದಿಯ ಸಿಪ್ಪೆ 1 ಸೆಂ.ಮೀ. ಸುಲಿದರೆ ಸಾಕು. ಎಳೆಗಳನ್ನು ಬತ್ತಿ ಹೊಸೆದಂತೆ ಹೊಸೆದು ತೂರಿಸಿ. ಒಂದೇ ಒಂದು ಕೂದಲೆಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ ಆನ್ ಆದ ತಕ್ಷಣ ‘ಪ್ರೊಟೆಕ್ಟ್’ ತೋರಿಸಿ ಆರಿಹೋಗುತ್ತದೆ. ಅದು ಅದೃಷ್ಟವಿದ್ದರೆ. ಕೈ ಅಷ್ಟು ಸೂಕ್ಷ್ಮವಲ್ಲದವರು ಬನಾನಾ ಪ್ಲಗ್ ಹಾಕಿ.

4. ರಿಸೀವರ್‌ನ ‘ಪ್ರಿ ಔಟ್ ಫ್ರಂಟ್’ನಿಂದ ಆಂಪ್‌ನ ಬೈಪಾಸ್‌ಗೆ ಆರ್‌ಸಿಎ ಎಳೆಯಿರಿ. ಸೆಂಟರ್, ಸರೌಂಡ್, ಸಬ್‌ವೂಫರ್ ಇದ್ದಲ್ಲೇ ಇರಲಿ.

5. ಟಿ.ವಿ., ಬ್ಲೂರೇ, ಸೆಟ್‌ಟಾಪ್ ಬಾಕ್ಸ್ ರಿಸೀವರ್‌ಗೆ. ಸಿಡಿ, ಸ್ಟ್ರೀಮರ್, ರೆಕಾರ್ಡ್ ಪ್ಲೇಯರ್ ಸ್ಟೀರಿಯೊ ಆಂಪ್‌ಗೆ. ರೆಕಾರ್ಡ್ ಪ್ಲೇಯರ್‌ನ ತೆಳು ಗ್ರೌಂಡ್ ತಂತಿಯನ್ನು ಆಂಪ್‌ನ ‘ಜಿಎನ್‌ಡಿ’ ತಿರುಪಿಗೆ ಸಿಕ್ಕಿಸಲು ಮರೆಯಬೇಡಿ.

6. ಬೈಪಾಸ್ ಸಾಕೆಟ್ಟಿಗೆ ಸಿಡಿ ಪ್ಲೇಯರನ್ನೋ ಸ್ಟ್ರೀಮರನ್ನೋ ಎಂದೂ ಚುಚ್ಚಬೇಡಿ. ಅಲ್ಲಿ ತಡೆಯುವ ನಾಬ್ ಇಲ್ಲ, ಪ್ಲೇ ಒತ್ತಿದೊಡನೆ ಆಂಪ್‌ನ ಪೂರ್ತಿ ಶಕ್ತಿ ಸ್ಪೀಕರ್ ಮೇಲೆ ಬೀಳುತ್ತದೆ. ಟ್ವೀಟರ್ (ಸ್ಪೀಕರಿನೊಳಗೆ ತೀಕ್ಷ್ಣ ಸ್ವರ ನುಡಿಸುವ ಭಾಗ) ಸುಡಲು ಅಷ್ಟು ಸಾಕು. ಸಾಕೆಟ್ ಪಕ್ಕ ಕೆಂಪು ಟೇಪ್ ಅಂಟಿಸಿಡಿ.

7. ಆಂಪನ್ನು ರಿಸೀವರ್ ತಲೆ ಮೇಲೆ ಕೂರಿಸಬೇಡಿ. ಎರಡರ ಮೇಲೂ 10ರಿಂದ 15 ಸೆಂ.ಮೀ. ಗಾಳಿ ಆಡಬೇಕು. ಗಾಜಿನ ಬಾಗಿಲಿನ ಟಿ.ವಿ. ಯೂನಿಟ್ ಆದರೆ ಬಾಗಿಲು ತೆರೆದೇ ಇರಲಿ.

ಮೊದಲ ಸಲ ಆನ್ ಮಾಡುವಾಗ ರಿಸೀವರ್ ವಾಲ್ಯೂಮ್ ಕೆಳಗಿಳಿಸಿ, ಮೊದಲು ರಿಸೀವರ್, ಹತ್ತು ಸೆಕೆಂಡು ಬಿಟ್ಟು ಆಂಪ್. ಆಫ್ ಮಾಡುವಾಗ ತಿರುಗಾಮುರುಗಾ: ಮೊದಲು ಆಂಪ್. ಕ್ರಮ ತಪ್ಪಿದರೆ ಸ್ಪೀಕರ್‌ನಲ್ಲಿ ‘ಧಬ್’ ಎಂಬ ಗುದ್ದು ಕೇಳುತ್ತದೆ. ಟ್ರಿಗರ್ ಕೇಬಲ್ ಇದ್ದರೆ ರಿಸೀವರ್ ಎದ್ದಾಗ ಆಂಪ್ ತಾನೇ ಏಳುತ್ತದೆ. ಕೆಲವು ಆಂಪ್‌ಗಳು ಬೈಪಾಸ್‌ಗೂ ತಾವೇ ಬದಲಾಗುತ್ತವೆ.

ಮೈಕ್ ಹಚ್ಚಿ ಮತ್ತೆ ಅಳೆಯಿರಿ

ಹಳೆಯ ಅಳತೆಗೆ ಈಗ ಬೆಲೆಯಿಲ್ಲ, ಏಕೆಂದರೆ ಎರಡು ಆಂಪ್‌ಗಳ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಒಂದೇ ಇರುವುದಿಲ್ಲ. ಮೈಕ್‌ನಿಂದ ಸ್ಪೀಕರ್‌ಗಳ ಮಟ್ಟ, ದೂರ ಅಳೆದು ಹೊಂದಿಸುವ ಆಡಿಸ್ಸಿ, ವೈಪಾವೊ, ಡಿರಾಕ್, ನಿಮ್ಮ ರಿಸೀವರ್‌ನಲ್ಲಿ ಯಾವುದಿದೆಯೋ ಅದನ್ನು ಮೊದಲಿನಿಂದ ಓಡಿಸಿ. ಮೈಕ್ ಕೂತವರ ಕಿವಿಯ ಎತ್ತರದಲ್ಲಿ, ಟ್ರೈಪಾಡ್ ಮೇಲಿರಲಿ. ಸೋಫಾ ಬೆನ್ನಿಗೆ ಒರಗಿಸಿದರೆ ಬಟ್ಟೆಯ ಪ್ರತಿಫಲನವೂ ಅಳತೆಗೆ ಸೇರುತ್ತದೆ.

ಮುಗಿದ ಮೇಲೆ ಲೆವೆಲ್ ಪುಟ ತೆರೆಯಿರಿ. ಡೆನಾನ್, ಮರಾಂಟ್ಜ್‌ಗಳಲ್ಲಿ ಇದು ಮೈನಸ್ 12ರಿಂದ ಪ್ಲಸ್ 12 ಡೆಸಿಬೆಲ್‌ವರೆಗೆ ಹೋಗುತ್ತದೆ. ಫ್ರಂಟ್ ಎರಡೂ ಮೈನಸ್ 12ಕ್ಕೆ ತಾಗಿ ನಿಂತಿದ್ದರೆ ಆಂಪ್ ಗೇನ್ ಜಾಸ್ತಿ. ರಿಸೀವರ್ ಇಳಿಸುವಷ್ಟು ಇಳಿಸಿ ಕೈಚೆಲ್ಲಿದೆ ಎಂದರ್ಥ. ‘ಆಕ್ಸ್’ ದಾರಿ ಹಿಡಿದವರು ನಾಬ್ ಸ್ವಲ್ಪ ತಗ್ಗಿಸಿ ಮತ್ತೆ ಅಳೆಯಬೇಕು, ಪ್ಲಸ್ 12ಕ್ಕೆ ಮುಟ್ಟಿದ್ದರೆ ಏರಿಸಬೇಕು. ಫ್ರಂಟ್ ಅಂಕಿ ಸೆಂಟರ್ ಅಂಕಿಯ ಆಸುಪಾಸು 3 ಡೆಸಿಬೆಲ್ ಒಳಗೆ ಬಂದ ಜಾಗದಲ್ಲಿ ಸ್ಟಿಕ್ಕರ್ ಅಂಟಿಸಿ.

ದೂರದ ಪುಟವನ್ನೂ ನೋಡಿ. ಮೂರು ಮೀಟರಿನಲ್ಲಿರುವ ಸ್ಪೀಕರನ್ನು ರಿಸೀವರ್ ನಾಲ್ಕು ಮೀಟರ್ ಎಂದರೆ ಅದು ಸುಳ್ಳು ಹೇಳುತ್ತಿಲ್ಲ. ಕೆಲವು ಆಂಪ್‌ಗಳು ಒಳಬಂದ ಸಿಗ್ನಲ್ಲನ್ನು ಡಿಜಿಟಲ್ ಮಾಡಿ ಕಳಿಸುತ್ತವೆ, ಅಷ್ಟರಲ್ಲಿ ಕೆಲ ಮಿಲಿಸೆಕೆಂಡ್ ಕಳೆಯುತ್ತದೆ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂ.ಮೀ. ಸಾಗುತ್ತದೆ. ಟೇಪು ಹಿಡಿದು ಅಳೆದು ಆ ಅಂಕಿಯನ್ನು ‘ಸರಿಪಡಿಸ’ಹೋಗಬೇಡಿ, ತಡವನ್ನು ಸರಿದೂಗಿಸುತ್ತಿರುವುದೇ ಆ ಅಂಕಿ. ‘ಫೇಸ್’ ದೋಷ ತೋರಿಸಿದರೆ ಮಾತ್ರ ಪ್ಲಸ್-ಮೈನಸ್ ಅದಲುಬದಲಾಗಿದೆಯೇ ನೋಡಿ.

ಸಿನಿಮಾಕ್ಕೆ ಫ್ರಂಟ್ ಸ್ಪೀಕರ್ ‘ಸ್ಮಾಲ್’, ಕ್ರಾಸೋವರ್ (ಅದಕ್ಕಿಂತ ಕೆಳಗಿನ ಸ್ವರ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಝ್ ಇಡಿ, ಟವರ್ ಸ್ಪೀಕರ್ ಆದರೂ ಸರಿಯೇ. ಹಾಡು ಹಾಕಿದಾಗ ರಿಸೀವರ್ ಮಲಗಿರುವುದರಿಂದ ಸಬ್‌ವೂಫರ್ ಸುಮ್ಮನಿರುತ್ತದೆ, ಅದು ದೋಷವಲ್ಲ. ಅದೂ ದನಿಗೂಡಿಸಬೇಕು ಎಂದರೆ ‘ಹೈ ಲೆವೆಲ್’ ಇನ್‌ಪುಟ್ ಇರುವ ಸಬ್‌ಗೆ ಸ್ಟೀರಿಯೊ ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದ ಇನ್ನೊಂದು ಜೋಡಿ ತೆಳು ವೈರು ಎಳೆಯಬಹುದು. ಕ್ಲಾಸ್-ಡಿ ಆಂಪ್ ಆದರೆ ಮೈನಸ್ ಎಲ್ಲಿಗೆ ಸೇರಿಸಬೇಕೆಂದು ಸಬ್‌ನ ಕೈಪಿಡಿ ಓದದೆ ಮುಟ್ಟಬೇಡಿ.

‘ಗುಂಯ್’ ಎಂದರೆ

ಹೊಸ ಜೋಡಣೆಯ ಮೊದಲ ದೂರು ಇದೇ. ರಿಸೀವರ್ ಒಂದು ಸಾಕೆಟ್ಟಿನ ಅರ್ತ್‌ಗೆ, ಆಂಪ್ ಇನ್ನೊಂದಕ್ಕೆ, ನಡುವೆ ಆರ್‌ಸಿಎಯ ಶೀಲ್ಡ್: ಹೀಗೆ ಒಂದು ವೃತ್ತ ಪೂರ್ಣವಾಗಿ ಅದರಲ್ಲಿ ಕರೆಂಟ್ ಸುತ್ತುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿ. ಸದ್ದು ತಟ್ಟನೆ ನಿಂತರೆ ಕಳ್ಳ ಸಿಕ್ಕಿದ: ಕಂಬದಿಂದಲೋ ತಾರಸಿಯ ಡಿಶ್‌ನಿಂದಲೋ ಬರುವ ಆ ತಂತಿ ತನ್ನದೇ ಅರ್ತ್ ಹೊತ್ತು ತರುತ್ತದೆ. ಕಂಬದ ಕೇಬಲ್‌ಗಾದರೆ ಐಸೊಲೇಟರ್ ಸಿಗುತ್ತದೆ. ಡಿಶ್ ತಂತಿಗೆ ಅದು ಆಗದು, ಅದರಲ್ಲಿ ಡಿಶ್‌ಗೆ ಕರೆಂಟೂ ಹೋಗಬೇಕು. ಅಲ್ಲಿ ಆರ್‌ಸಿಎಗೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ತೀರಾ ಅಗ್ಗದ್ದು ಬಾಸ್ ತಿನ್ನುತ್ತದೆ. ಪ್ಲಗ್ಗಿನ ಮೂರನೇ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂಬ ಸಲಹೆ ಕೊಡುವವರಿದ್ದಾರೆ. ನಿಲ್ಲುವುದು ನಿಜ. ಆದರೆ ಒಳಗೆ ಏನಾದರೂ ಕೆಟ್ಟರೆ ಆಂಪ್‌ನ ಲೋಹದ ಮೈಯಲ್ಲಿ 230 ವೋಲ್ಟ್ ನಿಂತು, ಮುಟ್ಟಿದವರ ಜೀವಕ್ಕೇ ಸಂಚಕಾರ.

ಸದ್ದು ಸ್ಪೀಕರಿನಿಂದಲ್ಲದೆ ಆಂಪ್ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ, ಅದೂ ಕರೆಂಟ್ ಹೋದಾಗ ಮಾತ್ರ, ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ (ನಯವಾಗಿ ಅಲ್ಲದೆ ಥಟ್ಟನೆ ಏರಿಳಿಯುವ ಕರೆಂಟ್ ಕೊಡುವಂಥದ್ದು) ಇರಬಹುದು. ಟ್ರಾನ್ಸ್‌ಫಾರ್ಮರ್‌ಗೆ ಆ ಕರೆಂಟ್ ಒಗ್ಗುವುದಿಲ್ಲ. ಈ ಬೋರ್ಡನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ. ಅಮೆರಿಕದಿಂದ ಬರುವಾಗ ಅಣ್ಣನೋ ಅಳಿಯನೋ ತಂದ ಆಂಪ್ ಆದರೆ ಹಿಂದಿನ ಚೀಟಿ ಓದಿ. ಬರೀ ‘120 ವೋಲ್ಟ್’ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಲದು, ಆಂಪ್ ಎಳೆಯುವುದಕ್ಕಿಂತ ಹೆಚ್ಚು ವಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಕೊನೆಗೆ ರಿಮೋಟ್ ಹಿಂದೆ ಮನೆಯವರಿಗೊಂದು ಚೀಟಿ ಅಂಟಿಸಿ: ‘ಟಿ.ವಿ.ಗೆ: ರಿಸೀವರ್ ಆನ್, ಆಂಪ್ ಬೈಪಾಸ್, ವಾಲ್ಯೂಮ್ ರಿಸೀವರ್‌ನಲ್ಲಿ. ಹಾಡಿಗೆ: ರಿಸೀವರ್ ಆಫ್, ಆಂಪ್‌ನ ನಾಬ್ ತಗ್ಗಿಸಿ ಆಮೇಲೆ ಸಿಡಿ ಒತ್ತಿ.’