ಒಂದು ತಾರೀಕು ಬರೆಯಿರಿ, ಉಳಿದದ್ದನ್ನು ಎಕ್ಸೆಲ್ ತುಂಬುತ್ತದೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟ್ 1ಕ್ಕೆ ಶುರುವಾದ ಋತು ಮೇ 31ಕ್ಕೆ ಮುಗಿಯುವಾಗ 304 ದಿನಗಳಾಗುತ್ತವೆ. ಮಲ್ಪೆಯ ಬೋಟೊಂದರ ಡೀಸೆಲ್, ಐಸ್, ಏಲಂನಲ್ಲಿ ಬಂದ ಹಣ ಇವನ್ನೆಲ್ಲ ದಿನದ ಲೆಕ್ಕದಲ್ಲಿ ಬರೆದಿಡುವವರಿಗೆ ಶೀಟಿನ ಮೊದಲ ಕಾಲಮ್‌ನಲ್ಲಿ ಈ 304 ತಾರೀಕುಗಳೂ ಬೇಕು. ಕೈಯಲ್ಲಿ ಟೈಪ್ ಮಾಡಿದರೆ ಹೊತ್ತು ಹೋಗುವುದು ಒಂದು ಕಡೆ. ನಡುವೆ ಒಂದು ದಿನ ಬಿಟ್ಟುಹೋದರೆ ಅದು ಗೊತ್ತಾಗುವುದು ತಿಂಗಳ ಕೊನೆಗೆ, ಲೆಕ್ಕ ತಾಳೆಯಾಗದಿದ್ದಾಗ.

ಎ1 ಸೆಲ್‌ನಲ್ಲಿ ‘ತಾರೀಕು’ ಎಂದು ತಲೆಬರಹ ಕೊಡಿ. ಎ2ರಲ್ಲಿ 01-08-2026 ಎಂದು ಬರೆದು ಎಂಟರ್ ಒತ್ತಿ. ಇಲ್ಲಿ ಒಂದು ಕ್ಷಣ ನಿಂತು ನೋಡಿ, ಏಕೆಂದರೆ ಮುಂದಿನದ್ದೆಲ್ಲ ಈ ಒಂದು ಸೆಲ್ ಸರಿ ಇದೆಯೇ ಎಂಬುದರ ಮೇಲೆ ನಿಂತಿದೆ. ಎಕ್ಸೆಲ್ ತಾರೀಕನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅದಕ್ಕೆ 1. 2026ರ ಆಗಸ್ಟ್ 1 ಅದಕ್ಕೆ 46235. ಮರುದಿನವೆಂದರೆ 46236. ಕಾಲಮ್ ತುಂಬುವುದೆಂದರೆ ಒಂದೊಂದೇ ಕೂಡುತ್ತ ಹೋಗುವುದು, ಅಷ್ಟೇ.

ಬರೆದದ್ದು ನಿಜವಾದ ತಾರೀಕಾಗಿದ್ದರೆ ಅದು ಸೆಲ್‌ನ ಬಲಬದಿಗೆ ಕೂರುತ್ತದೆ. ಎಡಕ್ಕೆ ಕೂತರೆ ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ತಿಳಿದಿದೆ. ನಮ್ಮಲ್ಲಿ 1.8.2026 ಎಂದು ಚುಕ್ಕಿಯಿಟ್ಟು ಬರೆಯುವ ರೂಢಿ ಇದೆಯಲ್ಲ, ಹೆಚ್ಚಿನ ಕಡೆ ಆಗುವುದು ಇದೇ. ಅದನ್ನು ಕೆಳಕ್ಕೆ ಎಳೆದರೆ ದಿನ ಏರುವುದಿಲ್ಲ, ವರ್ಷ ಏರುತ್ತದೆ: 1.8.2027, 1.8.2028. ಚುಕ್ಕಿಯ ಬದಲು ಅಡ್ಡಗೆರೆ ಹಾಕಿ ಹೊಸದಾಗಿ ಬರೆಯಿರಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕಂಪ್ಯೂಟರು ಅಮೆರಿಕದ ಕ್ರಮಕ್ಕೆ ಹೊಂದಿಕೊಂಡಿದ್ದರೆ ತಿಂಗಳನ್ನು ಮೊದಲು ಓದುತ್ತದೆ. ನಿಮ್ಮ ಆಗಸ್ಟ್ 1 ಅದಕ್ಕೆ ಜನವರಿ 8. ಬಲಕ್ಕೇ ಕೂತಿರುತ್ತದೆ, ನೋಡಲು ಸರಿಯಾಗೇ ಇರುತ್ತದೆ. ಎಳೆದಾಗ 1/9/2026, 1/10/2026 ಎಂದು ಸಾಗುತ್ತದೆ. ಪರೀಕ್ಷೆ ಸುಲಭ. ಸೆಲ್ ಮೇಲೆ ನಿಂತು ಕಂಟ್ರೋಲ್, ಶಿಫ್ಟ್ ಮತ್ತು 3ರ ಕೀ ಒಟ್ಟಿಗೆ ಒತ್ತಿ. ತಿಂಗಳ ಹೆಸರು ಅಕ್ಷರದಲ್ಲಿ ಬರುತ್ತದೆ. ಅಲ್ಲಿ ಆಗಸ್ಟ್ ಇರಬೇಕು. ಜನವರಿ ಬಂದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ತಾರೀಕನ್ನು ಮತ್ತೊಮ್ಮೆ ಬರೆಯಿರಿ. ಗೂಗಲ್ ಶೀಟ್ಸ್‌ನಲ್ಲಾದರೆ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಇದ್ದಲ್ಲಿ ಇಂಡಿಯಾ ಎಂದಿಡಬೇಕು.

ಇನ್ನು ತುಂಬುವುದು. ಎ2 ಆರಿಸಿದಾಗ ಅದರ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಚೌಕ ಕಾಣುತ್ತದೆ. ಮೌಸ್ ಅಲ್ಲಿಗೆ ಒಯ್ದರೆ ಬಾಣ ಹೋಗಿ ಕಪ್ಪು ಪ್ಲಸ್ ಗುರುತು ಬರುತ್ತದೆ. ಒತ್ತಿ ಹಿಡಿದು ಕೆಳಕ್ಕೆಳೆಯಿರಿ, ತಾರೀಕುಗಳು ಸಾಲಾಗಿ ಬೀಳುತ್ತವೆ. ಪಕ್ಕದ ಕಾಲಮ್‌ನಲ್ಲಿ ಆಗಲೇ ಅಂಕಿಗಳಿದ್ದರೆ ಎಳೆಯುವುದೂ ಬೇಡ; ಆ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಂಕಿ ಇರುವಷ್ಟು ಸಾಲು ತಾನೇ ತುಂಬುತ್ತದೆ. ವಾರಕ್ಕೊಂದು ತಾರೀಕು ಸಾಕೆನ್ನುವವರು ಮೊದಲೆರಡು ಸೆಲ್‌ಗಳಲ್ಲಿ ಆಗಸ್ಟ್ 1 ಮತ್ತು 8 ಬರೆದು, ಎರಡನ್ನೂ ಒಟ್ಟಿಗೆ ಆರಿಸಿ ಎಳೆಯಬೇಕು.

ಮುನ್ನೂರು ಸಾಲು ಎಳೆಯುವಾಗ ಕೈ ಜಾರಿ ಎಲ್ಲೋ ಹೋಗಿ ನಿಲ್ಲುತ್ತದೆ. ಹಾಗಾಗಿ ಬೋಟಿನ ಲೆಕ್ಕಕ್ಕೆ ನಾನು ಹೇಳುವುದು ಸೀರೀಸ್ ದಾರಿ. ಎ2ರಲ್ಲಿ ನಿಂತು ಹೋಮ್ ಟ್ಯಾಬ್‌ನ ಫಿಲ್, ಅದರೊಳಗೆ ಸೀರೀಸ್ ಆರಿಸಿ. ಕಾಲಮ್ಸ್, ಡೇಟ್, ಡೇ ಇವಕ್ಕೆ ಗುರುತು ಹಾಕಿ. ಸ್ಟೆಪ್ ವ್ಯಾಲ್ಯೂ 1, ಸ್ಟಾಪ್ ವ್ಯಾಲ್ಯೂ 31-05-2027. ಓಕೆ ಒತ್ತಿದರೆ ಎ305ರಲ್ಲಿ ಮೇ 31 ಬಂದು ನಿಲ್ಲುತ್ತದೆ. ಎಷ್ಟು ದಿನವೆಂದು ನೀವು ಎಣಿಸಬೇಕಾಗಿಲ್ಲ. 2028ರ ಫೆಬ್ರವರಿಗೆ 29 ದಿನ ಇರುವುದರಿಂದ 2027ರ ಆಗಸ್ಟ್‌ಗೆ ಶುರುವಾಗುವ ಋತು 305 ದಿನದ್ದು. ಕೊನೆಯ ತಾರೀಕು ಕೊಟ್ಟರೆ ಅದೂ ಸರಿಹೋಗುತ್ತದೆ. ಇದೇ ಪೆಟ್ಟಿಗೆಯಲ್ಲಿ ಡೇ ಬದಲು ಇಯರ್ ಆರಿಸಿ ಸ್ಟೆಪ್ 2 ಎಂದರೆ, 18-01-2026ರಿಂದ ಹೊರಟು ಉಡುಪಿಯ ಮುಂದಿನ ಪರ್ಯಾಯಗಳ ತಾರೀಕುಗಳೆಲ್ಲ ಬರುತ್ತವೆ.

ಪ್ರತಿವರ್ಷ ಅದೇ ಶೀಟ್ ಬಳಸುವವರಿಗೆ ಸೂತ್ರ ಒಳ್ಳೆಯದು. ಎ3ರಲ್ಲಿ =ಎ2+1 ಎಂದು ಬರೆದು (ಸೆಲ್‌ಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು) ಕೆಳಗಿನವರೆಗೆ ಕಾಪಿ ಮಾಡಿ. ಮುಂದಿನ ಆಗಸ್ಟ್‌ಗೆ ಎ2 ಒಂದನ್ನು ಬದಲಿಸಿದರೆ ಇಡೀ ಕಾಲಮ್ ಬದಲಾಗುತ್ತದೆ. ಆದರೆ ನಡುವಿನ ಒಂದು ಸಾಲು ಅಳಿಸಿದರೆ ಅಲ್ಲಿಂದ ಕೆಳಗೆಲ್ಲ ತಪ್ಪಿನ ಸಂದೇಶ ಬರುತ್ತದೆ, ಸಾರ್ಟ್ ಮಾಡಿದರೆ ತಾರೀಕುಗಳು ಕಲಸಿಹೋಗುತ್ತವೆ. ಲೆಕ್ಕ ಬರೆಯಲು ಶುರುಮಾಡುವ ಮೊದಲೇ ಕಾಲಮ್ ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್ ಮೂಲಕ ವ್ಯಾಲ್ಯೂಸ್ ಆಗಿ ಅಂಟಿಸಿಬಿಡಿ. ಸೂತ್ರದ ಪ್ರತಿಯೊಂದನ್ನು ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ.

ಭಾನುವಾರ ಬಿಡಬೇಕಾದವರೂ ಇದ್ದಾರೆ. ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಠೇವಣಿ 1928ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯಲ್ಲಿ. ಪಿಗ್ಮಿ ಸಂಗ್ರಹಕ್ಕೆ ಅಂಗಡಿ ಅಂಗಡಿ ಸುತ್ತುವವರು ಈಗಲೂ ಇಲ್ಲಿದ್ದಾರೆ. ಎಳೆದ ಮೇಲೆ ಕೆಳಗೆ ಮೂಡುವ ಪುಟ್ಟ ಗುಂಡಿಯಲ್ಲಿ ಫಿಲ್ ವೀಕ್‌ಡೇಸ್ ಎಂದಿರುತ್ತದೆ, ಆದರೆ ಅದು ಶನಿವಾರವನ್ನೂ ಬಿಟ್ಟುಬಿಡುತ್ತದೆ. ಭಾನುವಾರ ಮಾತ್ರ ಬಿಡಲು ಎ3ರಲ್ಲಿ =ವರ್ಕ್‌ಡೇ.ಐಎನ್‌ಟಿಎಲ್(ಎ2,1,11) ಎಂಬ ಸೂತ್ರವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. 11 ಎಂದರೆ ಭಾನುವಾರವೊಂದೇ ರಜೆ. ಬ್ಯಾಂಕಿನ ಎರಡನೇ, ನಾಲ್ಕನೇ ಶನಿವಾರ, ಅಷ್ಟಮಿ, ಚೌತಿಯ ರಜೆಗಳನ್ನು ಎಚ್ ಕಾಲಮ್‌ನ ಎಚ್2ರಿಂದ ಎಚ್40ರೊಳಗೆ ಬರೆದು, 11ರ ನಂತರ ಅಲ್ಪವಿರಾಮ ಹಾಕಿ $ಎಚ್$2:$ಎಚ್$40 ಸೇರಿಸಿದರೆ ಅವೂ ಬಿಟ್ಟುಹೋಗುತ್ತವೆ. ಡಾಲರ್ ಗುರುತು ಮರೆಯಬೇಡಿ. ಅದಿಲ್ಲದಿದ್ದರೆ ಸೂತ್ರ ಕೆಳಗಿಳಿದಂತೆ ರಜೆಯ ಪಟ್ಟಿಯೂ ಕೆಳಕ್ಕೆ ಸರಿದು, ಮೇಲಿನ ರಜೆಗಳು ಒಂದೊಂದಾಗಿ ಕೈಬಿಡುತ್ತವೆ.